ಹಲಸಿನ ಮರದ ಅಮ್ಮ, ನಮ್ಮ ಮನೆಯ ಮದುವೆ

ದೇವರ ಕೆಲಸ ಎಂದ ಮೇಲೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನಮ್ಮ ಮನೆಯವರು ಕೈ ಹಾಕಿದ ದೇವರ ಕೆಲಸವಾದರೆ ಎಡವಟ್ಟು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತದೆ. ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಹೇಳಿದ ಹೊತ್ತಿಗೆ ಕೆಲಸ ಆಗಬೇಕು, ಇಟ್ಟ ಜಾಗದಲ್ಲಿ ವಸ್ತು ಇರಬೇಕು ಎನ್ನುವುದು ನನ್ನ ಪದ್ಧತಿ. ಮದುವೆಯಾಗಿ ಹಾರನಹಳ್ಳಿಯ ಹತ್ತಿರದ ಈ ಊರಿಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಊರೂ ತನ್ನ ಪದ್ಧತಿಯನ್ನು ಬಿಟ್ಟಿಲ್ಲ. ನಮ್ಮೂರ ಅಮ್ಮನಿಗೆ ಹೊಸ ವಿಗ್ರಹ ಮಾಡಿಸಿದ ವರ್ಷ ನಾನು ಪಟ್ಟ ಆತಂಕ ನೆನೆದರೆ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

೧. ಅಮ್ಮ ಕಳಶಕ್ಕೆ ಹೋದದ್ದು

ನಮ್ಮೂರ ಅಮ್ಮ ಮರದ ಅಮ್ಮ. ಅವಳ ಗುಡಿಯ ಯಜಮಾನಿಕೆ ನಮ್ಮ ಮನೆಯದು. ಒಂದು ಶುಕ್ರವಾರ ಪೂಜಾರಪ್ಪ ಸೀರೆ ಬದಲಾಯಿಸಲು ಹೋದಾಗ ಅಮ್ಮನ ಮೊಣಕೈ ಅವನ ಕೈಗೇ ಬಂತು. ಒಳಗೆಲ್ಲ ಗೆದ್ದಲು.

ಇಂಥ ಹೊತ್ತಿಗೆ ಒಂದು ಕ್ರಮವಿದೆ. ಅಮ್ಮನ ಶಕ್ತಿಯನ್ನು ಪೂಜೆ ಮಾಡಿ ನೀರು ತುಂಬಿದ ಕಳಶಕ್ಕೆ ಇಳಿಸುತ್ತಾರೆ. ಹಳೆಯ ವಿಗ್ರಹವನ್ನು ಕೆರೆಗೆ ಬಿಡುತ್ತಾರೆ. ಹೊಸ ವಿಗ್ರಹ ಕೆತ್ತಿ, ಅದಕ್ಕೆ ಕಣ್ಣು ತೆರೆಸುವವರೆಗೆ ಊರಿನಲ್ಲಿ ಯಾರ ಮನೆಯಲ್ಲೂ ಮದುವೆ ಇಲ್ಲ. ನನ್ನ ಮಗಳ ನಿಶ್ಚಿತಾರ್ಥ ಅದರ ಹಿಂದಿನ ವಾರವಷ್ಟೇ ಆಗಿತ್ತು. ಹುಡುಗ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮಗ.

"ಅರಸೀಕೆರೆಯ ಛತ್ರದಲ್ಲೇ ಮದುವೆ ಮಾಡಿಬಿಡೋಣ. ಅಲ್ಲಿಗೆ ಈ ನಿಯಮ ಬರುವುದಿಲ್ಲವಲ್ಲ" ಎಂದೆ.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು. "ಅಮ್ಮನ ಮುಂದೆ ಕಂಕಣ ಕಟ್ಟದೆ ಈ ಮನೆಯಲ್ಲಿ ಒಂದು ಮದುವೆಯೂ ಆಗಿಲ್ಲ ಕಣೇ. ನಮ್ಮದೂ ಸೇರಿ."

ಹುಡುಗನ ತಾಯಿಗೆ ನಾನೇ ಫೋನ್ ಮಾಡಿ, ಒಂದೊಂದು ಮಾತನ್ನೂ ತೂಗಿ ವಿಷಯ ತಿಳಿಸಿದೆ. ಬೀಗಿತ್ತಿಯಾಗಬೇಕಾದವರು ಅಂದರು: "ಬರೋ ವರ್ಷ ಆಷಾಢ ಹುಟ್ಟೋದ್ರೊಳಗೆ ಮದುವೆ ಆಗಬೇಕು ಕಣ್ರೀ. ಇಲ್ಲ ಅಂದ್ರೆ ತಿಪಟೂರಿನ ಹುಡುಗಿ ಜಾತಕ ಇನ್ನೂ ನಮ್ಮ ದೇವರ ಗೂಡಲ್ಲೇ ಇದೆ. ಗೆದ್ದಲು ಹಿಡಿದಿರೋದು ನಿಮ್ಮ ದೇವರಿಗೋ, ಈ ಸಂಬಂಧಕ್ಕೋ, ಸರಿಯಾಗಿ ನೋಡಿ ಹೇಳಿ."

೨. ಹೂವು ಕೇಳಿದ್ದು

ಬೇಲೂರು, ಹಳೇಬೀಡಿನ ಕಡೆ ಕಲ್ಲು ಕೆತ್ತುವವರಿಗೆ ಬರವಿಲ್ಲ. ಮರದಲ್ಲಿ ಅಮ್ಮನನ್ನು ಮಾಡುವವರು ಮಾತ್ರ ಅಪರೂಪ. ಹುಡುಕಿ ಹುಡುಕಿ ಮಾದಿಹಳ್ಳಿ ಕಡೆಯ ಒಬ್ಬ ಆಚಾರ್ರನ್ನು ಕರೆತಂದೆವು. ಅವರು ನಮ್ಮ ತೋಟವನ್ನೆಲ್ಲ ಸುತ್ತಿ, ಬೇಲಿ ಬದಿಯ ಹಲಸಿನ ಮರದ ಮುಂದೆ ನಿಂತರು. "ಇದೇ. ಆದ್ರೆ ಮರ ಒಪ್ಪಬೇಕು" ಅಂದರು.

ಮರ ಒಪ್ಪುವುದೆಂದರೆ ಹೀಗೆ. ಪೂಜೆ ಮಾಡಿ ಕಾಂಡದ ಎರಡೂ ಬದಿಗೆ ಗಂಧದಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ. ಬಲಗಡೆಯ ಹೂವು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಇಲ್ಲವೆಂದರೆ ಇನ್ನೊಂದು ಮರ ಹುಡುಕಬೇಕು, ಇನ್ನೊಂದು ಮುಹೂರ್ತ ನೋಡಬೇಕು. ಅಷ್ಟರಲ್ಲಿ ನನ್ನ ಮಗಳ ಕಥೆ ತಿಪಟೂರಿನ ಪಾಲು.

ಊರೆಲ್ಲ ನೆರೆದಿತ್ತು. ಹೂವು ಬೀಳಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ನಾನು ಹತ್ತಿರ ಹೋಗಿ ನೋಡಿದೆ. ಪೂಜಾರಪ್ಪ ಗೋಡೆಗೆ ಸಿಮೆಂಟು ಮೆತ್ತಿದ ಹಾಗೆ ಗಂಧ ಮೆತ್ತಿದ್ದಾನೆ!

"ಇದು ನಾಳೆಗೂ ಬೀಳುವುದಿಲ್ಲ. ಇಷ್ಟು ಗಂಧ ಯಾರು ಹಾಕಲು ಹೇಳಿದ್ದು?" ಎಂದು ಕೇಳಿದೆ.

"ಎಡಗಡೇದು ಬೇಗ ಬಿದ್ದ್‌ಬುಟ್ರೆ ನಿಮ್ಮ ಕೈಲಿ ಬೈಸ್ಕೊಳೋರು ಯಾರು ಅಂತ ಆ ಕಡೀಕೆ ಸ್ವಲ್ಪ ಜಾಸ್ತಿ ಹಾಕ್ದೆ ಅಮ್ನೋರೇ. ಮರ ಅನುಮಾನ ಪಡಬಾರದು ಅಂತ ಈ ಕಡೀಕೂ ಹಾಕ್ದೆ" ಎಂದ ಪೂಜಾರಪ್ಪ.

ನಾನು ಉತ್ತರ ಕೊಡುವಷ್ಟರಲ್ಲಿ ಮೇಲಿನಿಂದ ಹೂವಲ್ಲ, ಮಾಗಿದ ಹಲಸಿನ ಹಣ್ಣೇ ಬಿತ್ತು. ಮರದ ಬಲಗಡೆ, ಪೂಜಾರಪ್ಪನ ಪಾದದ ಪಕ್ಕದಲ್ಲೇ, ಧಡಾರೆಂದು. ಇದನ್ನು ಒಪ್ಪಿಗೆ ಅನ್ನಬೇಕೋ, ಇನ್ನೊಂದು ಸಲ ಹೂವು ಕೇಳಬೇಕೋ ಎಂದು ಪೂಜಾರಪ್ಪ ಕಾಲು ಹಿಂದಕ್ಕೆಳೆದುಕೊಂಡು ಕೇಳಿದ.

ಆಚಾರ್ರು ಆಗಲೇ ಕೊಡಲಿಗೆ ಕುಂಕುಮ ಹಚ್ಚುತ್ತಿದ್ದರು. "ಕೇಳೋದಾದ್ರೆ ಕೇಳಪ್ಪ. ಈ ಸಲ ತಲೆ ಮೇಲೇ ಬೀಳ್ತದೆ."

೩. ಬೀಗಿತ್ತಿಯ ಕುಶಲಪ್ರಶ್ನೆ

ಮರ ಕಡಿದ ಕೂಡಲೇ ಕೆತ್ತಲು ಆಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ದಿಮ್ಮಿ ನೆರಳಲ್ಲಿ ಮಲಗಿ, ಮಳೆಗಾಲ ಚಳಿಗಾಲ ಎರಡನ್ನೂ ಕಳೆದು, ನಿಧಾನವಾಗಿ ಒಣಗಬೇಕಂತೆ. "ಹಸಿ ಮರದಲ್ಲಿ ಮಾಡಿದ್ರೆ ಅಮ್ಮ ಆಮೇಲೆ ಬಿರುಕು ಬಿಡ್ತಾಳೆ ತಾಯಿ" ಎಂದು ಹೇಳಿ ಆಚಾರ್ರು ಮಾದಿಹಳ್ಳಿಗೆ ಹೊರಟೇಹೋದರು.

ಅಲ್ಲಿಂದ ಶುರುವಾಯಿತು ನೋಡಿ ಅರಸೀಕೆರೆಯ ಫೋನು. ಯುಗಾದಿಗೆ, ಗೌರಿ ಹಬ್ಬಕ್ಕೆ ಬೀಗರು ಫೋನ್ ಮಾಡಿ ಚೆನ್ನಾಗಿದ್ದೀರಾ, ಊಟ ಆಯಿತಾ ಎಂದು ಕೇಳುವುದು ಎಲ್ಲ ಕಡೆಯ ವಾಡಿಕೆ. ನಮ್ಮ ಬೀಗಿತ್ತಿ ಫೋನ್ ಎತ್ತಿದ ತಕ್ಷಣ ಕೇಳುತ್ತಿದ್ದದ್ದು ಒಂದೇ: "ಒಣಗ್ತಾ?"

ಒಂದು ಸಲ ನನಗೆ ಜ್ವರ ಬಂದು ಮಲಗಿದ್ದೆ. ಫೋನ್ ತೆಗೆದುಕೊಂಡ ನಮ್ಮ ಯಜಮಾನರು ಗಾಬರಿಯಲ್ಲಿ, "ಇಲ್ಲ ಕಣಮ್ಮ, ಮಲಗಿದ್ದಾಳೆ. ಇನ್ನೂ ಬಿಸಿ ಇದೆ. ಡಾಕ್ಟರು ಬಂದಿದ್ದರು" ಎಂದು ಹೇಳಿದರು.

ಆ ಕಡೆಯಿಂದ ಕೇಳಿದ ದನಿ ನನ್ನ ಹಾಸಿಗೆಯವರೆಗೂ ಬಂತು: "ಮರಕ್ಕೂ ಡಾಕ್ಟರನ್ನ ಕರೆಸಿದ್ರಾ? ಪರವಾಗಿಲ್ಲ, ಶ್ರದ್ಧೆಯಿಂದ ಮಾಡಿಸ್ತಾ ಇದ್ದೀರಿ."

೪. ಸೊಟ್ಟ ಕಿವಿ

ಬೇಸಿಗೆಯಲ್ಲಿ ಆಚಾರ್ರು ಬಂದು ಕೈಗೆ ಕಂಕಣ ಕಟ್ಟಿಕೊಂಡರು. ನಾವು ತೆಂಗಿನಕಾಯಿ ಕೂಡಿಡುವ ಉದ್ದನೆಯ ಕೊಠಡಿಯೇ ಅವರ ಕೆಲಸದ ಮನೆ. ಒಂದೇ ಹೊತ್ತು ಊಟ, ಅದೂ ತಾವೇ ಬೇಯಿಸಿಕೊಂಡದ್ದು. ಬಾಚಿಯಿಂದ ಒರಟು ರೂಪ, ಉಳಿಯಿಂದ ಕೈಕಾಲು, ಸಣ್ಣ ಉಳಿಯಿಂದ ಮುಖ. ಹಳದಿ ಮರದೊಳಗಿಂದ ಒಂದು ಮೂಗು, ಒಂದು ಗಲ್ಲ ಮೇಲೆದ್ದು ಬರುವುದನ್ನು ನೋಡುತ್ತಾ ನನಗೂ ಸ್ವಲ್ಪ ಧೈರ್ಯ ಬಂದಿತ್ತು. ಆಷಾಢಕ್ಕೆ ಇನ್ನೂ ಸಮಯವಿತ್ತು.

ಅಷ್ಟರಲ್ಲಿ ಊರಿನ ಹಿರಿಯರು ನೋಡಲು ಬಂದರು. ಬಂದವರು ವಿಗ್ರಹದ ಸುತ್ತ ಮೂರು ಸಲ ತಿರುಗಿ, "ಇದು ನಮ್ಮಮ್ಮ ಅಲ್ಲ" ಅಂದುಬಿಟ್ಟರು.

"ಯಾಕೆ? ಏನು ತಪ್ಪಿದೆ?"

"ನಮ್ಮಮ್ಮಂದು ಎಡಗಿವಿ ಸೊಟ್ಟ ಐತೆ. ಇದ್ರದ್ದು ನೆಟ್ಟಗೈತೆ. ನಾವು ಹುಟ್ಟಿದಾಗಿಂದ ನೋಡಿರೋದು ಸೊಟ್ಟ ಕಿವೀನೇ."

ಹಳೆಯ ಅಮ್ಮನ ಕಿವಿ ಸೊಟ್ಟಗಿದ್ದದ್ದು ನಿಜ. ಭಾರದ ಓಲೆ ತೊಡಿಸಿ ತೊಡಿಸಿ ಜಗ್ಗಿಹೋಗಿತ್ತು. ನಾನು ಅದನ್ನು ಬಿಡಿಸಿ ಹೇಳಿದೆ. ಅವರು ಕೇಳಲಿಲ್ಲ. ಮೊದಲಿದ್ದಂತೆಯೇ ಇರಬೇಕು, ಇಲ್ಲದಿದ್ದರೆ ಗುಡಿಗೆ ಸೇರಿಸುವುದಿಲ್ಲ ಎಂದು ಕಲ್ಲಿನಂತೆ ಕೂತರು. ಒಮ್ಮೆ ಕೆತ್ತಿದ ಕಿವಿಯನ್ನು ಸೊಟ್ಟ ಮಾಡಬೇಕೆಂದರೆ ಆ ಬದಿಯ ಕೆನ್ನೆಯನ್ನೆಲ್ಲ ಮತ್ತೆ ತೆಗೆಯಬೇಕು. ಕೆನ್ನೆ ಕೆಟ್ಟರೆ ಮುಖವೇ ಹೋಯಿತು. ಮುಖ ಹೋದರೆ ಹೊಸ ದಿಮ್ಮಿ, ಮತ್ತೆ ಒಂದು ವರ್ಷ. ನಮ್ಮ ಯಜಮಾನರು ಇಂಥ ಹೊತ್ತಿನಲ್ಲಿ ಸದಾ ಮಾಡುವಂತೆ ತೋಟದಲ್ಲಿ ಏನೋ ಕೆಲಸವಿದೆಯೆಂದು ಹೋಗಿಬಿಟ್ಟರು.

ಆಚಾರ್ರು ಅಷ್ಟು ಹೊತ್ತೂ ತಲೆ ತಗ್ಗಿಸಿ ಉಳಿ ಮಸೆಯುತ್ತಿದ್ದರು. ಕೊನೆಗೆ ಎದ್ದು ನಿಂತರು. "ಆಗಲಿ ಸ್ವಾಮಿ. ಕಿವಿ ಸೊಟ್ಟಾನೇ ಮಾಡ್ತೀನಿ. ಆಮೇಲೆ ಮಳೆ ಕೇಳಿದ್ವಿ, ಮಕ್ಕಳು ಕೇಳಿದ್ವಿ, ಅಮ್ಮಂಗೆ ಸರಿಯಾಗಿ ಕೇಳಿಸ್ತಿಲ್ಲ ಅಂತ ನನ್ ಹತ್ರ ಬರಬೇಡಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿವಿ ನೆಟ್ಟಗೇ ಉಳಿಯಿತು. ಹೋಗುವಾಗ ಒಬ್ಬರು ಆಚಾರ್ರ ಕಿವಿಯಲ್ಲಿ ಕೇಳಿಯೂ ಹೋದರು: "ಬಲಗಿವಿ ತೂತಲ್ಲಿ ಪುಡಿಗಿಡಿ ಏನೂ ಉಳ್ಕೊಂಡಿಲ್ಲ ತಾನೇ?"

೫. ಅಮ್ಮನ ಒಡವೆ ಪೆಟ್ಟಿಗೆ

ಕೆತ್ತನೆ ಮುಗಿದ ಮೇಲೆ ಮರಕ್ಕೆ ತೆಳು ಬಟ್ಟೆ ಹೊದಿಸಿ, ಹುಣಸೆಬೀಜದ ಅಂಟಿನಲ್ಲಿ ಬಿಳಿ ಪುಡಿ ಕಲಸಿ ಬಳಿಯುತ್ತಾರೆ. ಅದು ಚೆನ್ನಾಗಿ ಒಣಗಿದರೆ ಮಾತ್ರ ಬಣ್ಣ ಹಿಡಿಯುತ್ತದೆ. ಆ ವಾರವೇ ಮಳೆ ಹಿಡಿಯಿತು. ಬಿಳುಪು ಒಣಗಲೇ ಇಲ್ಲ. ಬೆರಳಿಟ್ಟರೆ ದೋಸೆ ಹಿಟ್ಟಿನಂತೆ ಅಂಟುತ್ತಿತ್ತು. ಕೆಂಡ ಇಟ್ಟರೆ ಮರ ಸೀಳುತ್ತದೆ ಎಂದು ಆಚಾರ್ರು ಕೈ ಚೆಲ್ಲಿದರು. ಕಣ್ಣು ತೆರೆಸುವ ಮುಹೂರ್ತ ಹತ್ತಿರ ಬಂದಿತ್ತು.

ಮಗಳು ತನ್ನ ಕೋಣೆಯಿಂದ ಹೇರ್ ಡ್ರೈಯರ್ ತಂದು ಮುಂದೆ ಹಿಡಿದಳು. ಮದುವೆಗೆಂದು ತಂದ ಹೊಸದು, ಡಬ್ಬಿಯನ್ನೇ ಒಡೆದಿರಲಿಲ್ಲ.

ಪೂಜಾರಪ್ಪ ಅದನ್ನು ದೂರದಿಂದಲೇ ನೋಡಿದ. "ಕೂದಲಿಗೆ ಹಿಡಿಯೋದನ್ನ ಅಮ್ಮಂಗೆ ಹಿಡಿಯೋದಾ?"

"ಅಮ್ಮನಿಗೂ ಕೂದಲಿದೆ" ಎಂದೆ.

ಅವನು ಡ್ರೈಯರಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ, ಕರ್ಪೂರ ಬೆಳಗಿ ಆಚಾರ್ರ ಕೈಗೆ ಕೊಟ್ಟ. ದೂರದಿಂದ, ತಣ್ಣನೆ ಗಾಳಿಯಲ್ಲಿ, ಕರೆಂಟು ಇದ್ದಾಗಲೆಲ್ಲ ಹಿಡಿದು ಬಿಳುಪು ಒಣಗಿತು. ಬಣ್ಣವೂ ಏರಿತು.

ಕೆಲಸವಾದ ಮೇಲೆ ಮಗಳು ಡ್ರೈಯರ್ ವಾಪಸು ಕೇಳಿದಳು. ಪೂಜಾರಪ್ಪ ಕೆನ್ನೆ ಬಡಿದುಕೊಂಡ. ಪೂಜೆಯಾದ ವಸ್ತು ಹಿಂದಕ್ಕೆ ಬರುವ ಹಾಗಿಲ್ಲವಂತೆ. ಇವತ್ತಿಗೂ ಅದು ಗುಡಿಯ ಪೆಟ್ಟಿಗೆಯಲ್ಲಿ ಅಮ್ಮನ ಸೊಂಟದ ಪಟ್ಟಿಯ ಪಕ್ಕ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಇದೆ. ಶುಕ್ರವಾರ ಶುಕ್ರವಾರ ಅದಕ್ಕೂ ಮಂಗಳಾರತಿ.

೬. ಮೊದಲ ನೋಟ

ಉಳಿದದ್ದು ಕಣ್ಣು. ಅಮ್ಮನಿಗೆ ಕಣ್ಣು ತೆರೆಸುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಎಲ್ಲಕ್ಕಿಂತ ಭಯದ ಕೆಲಸ. ಆಚಾರ್ರು ತೆಂಗಿನಕಾಯಿ ಕೊಠಡಿಯಲ್ಲೇ, ಪರದೆಯ ಹಿಂದೆ, ಕನ್ನಡಿಯಲ್ಲಿ ನೋಡುತ್ತಾ, ಚಿನ್ನದ ಸೂಜಿಯಿಂದ ಕಣ್ಣಿನ ಗೊಂಬೆ ಬಿಡಿಸುತ್ತಾರೆ. ಅಮ್ಮನ ಮೊದಲ ನೋಟ ಬಹಳ ಉಗ್ರ. ಅದು ಮನುಷ್ಯರ ಮೇಲೆ ಬೀಳಬಾರದು. ಅದಕ್ಕೇ ಕರು ಹಾಕಿದ ಹಸುವನ್ನು ಹಿಂಬಾಗಿಲಿನಿಂದ ತಂದು ನಿಲ್ಲಿಸಿ, ಆಮೇಲೆ ಪರದೆ ಸರಿಸುವುದು. ಹಸುವಿನ ಕೊರಳ ಗಂಟೆ ಕೇಳಿದ ಕೂಡಲೇ ಪರದೆ ಎಳೆಯಬೇಕೆಂದು ಪೂಜಾರಪ್ಪನಿಗೆ ನಾನೇ ಹೇಳಿಟ್ಟಿದ್ದೆ. ಅವನೂ ಆಚಾರ್ರೂ ಪರದೆಯ ಹಿಂದೆ, ಅಮ್ಮನ ಬೆನ್ನ ಬದಿಗೆ. ಹಸು ತರುವುದು ನಮ್ಮ ಯಜಮಾನರ ಪಾಲು. ನಾನು ವಾಚು ಹಿಡಿದು ಮುಂಬಾಗಿಲಲ್ಲಿ, ಊರಿನವರು ಯಾರೂ ನುಗ್ಗದಂತೆ ನಿಂತಿದ್ದೆ.

ಆಷಾಢ ಹೊಸ್ತಿಲಿಗೇ ಬಂದಿತ್ತು. ಈ ಮುಹೂರ್ತ ತಪ್ಪಿದರೆ ಮದುವೆಯೂ ತಪ್ಪಿತು.

ಅಂಥ ಹೊತ್ತಿನಲ್ಲಿ ಬೀಗಿತ್ತಿಯವರ ಕಾರು ಬಂದು ನಿಂತಿತು. ಅವರ ಸೊಂಟದಲ್ಲಿ ಯಾವಾಗಲೂ ಕೊಬ್ಬರಿ ಮಂಡಿಯ ಬೀಗದ ಕೈಗಳ ದೊಡ್ಡ ಗೊಂಚಲು. "ಇವತ್ತು ಎರಡರಲ್ಲಿ ಒಂದು ಹೇಳಿಬಿಡಿ. ಕಣ್ಣು ಬಿಟ್ಟಳೋ ಇಲ್ವೋ?" ಎಂದರು.

"ಈಗ ಬಿಡುತ್ತಾಳೆ. ದಯವಿಟ್ಟು ಕೂತಿರಿ. ಒಳಗೆ ಯಾರೂ ಹೋಗಬಾರದು" ಎಂದೆ.

"ಒಂದು ವರ್ಷದಿಂದ ಕೂತಿದ್ದೀನಿ ಕಣ್ರೀ" ಎಂದು ಅವರು ಸಿಡುಕಿ ಗೋಡೆಯ ಬದಿಗೆ ಸರಿದರು. ನೆರಳಿಗೆ ಹೋದರು ಎಂದುಕೊಂಡೆ.

ಹಿತ್ತಲಲ್ಲಿ ಹಸು ಹಟ ಹಿಡಿದಿತ್ತು. ಅರಿಶಿನ, ಹೂವಿನ ಹಾರ, ಕೋಡಿಗೆ ಬಣ್ಣ ಎಲ್ಲ ನೋಡಿ ಗಾಬರಿಯಾಗಿ ನಮ್ಮ ಯಜಮಾನರನ್ನೇ ಕೊಟ್ಟಿಗೆಯ ಕಡೆಗೆ ಎಳೆಯುತ್ತಿತ್ತು. "ಬಾರೇ, ಬಾರೇ ತಾಯಿ" ಎಂಬ ಅವರ ದನಿ ದೂರ ದೂರ ಹೋಗುತ್ತಿತ್ತು. ಒಳಗೆ ಆಚಾರ್ರು ಸೂಜಿ ಕೆಳಗಿಟ್ಟ ಸದ್ದು ಕೇಳಿಸಿತು. ಅಮ್ಮನ ಕಣ್ಣು ತೆರೆದಿದೆ, ಹಸು ಇಲ್ಲ!

ಆಗ ಹಿಂಬಾಗಿಲು ಕಿರ್ರೆಂದಿತು. ಘಲ್, ಘಲ್, ಘಲ್.

ಪೂಜಾರಪ್ಪ "ಬಂದಳು!" ಎಂದು ಪರದೆ ಎಳೆದ.

ಕಿಟಾರೆಂದು ಒಂದು ಕಿರುಚು. ನಾನು ಮುಂಬಾಗಿಲು ತಳ್ಳಿದೆ. ನನ್ನ ಹಿಂದೆ ಊರೆಲ್ಲ ನುಗ್ಗಿತು. ಅಮ್ಮ ಕಣ್ಣರಳಿಸಿ ನೋಡುತ್ತಿದ್ದಳು. ಎದುರಿಗೆ, ಸೊಂಟದ ಬೀಗದ ಕೈ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಬೀಗಿತ್ತಿ ಕಣ್ಣರಳಿಸಿ ನಿಂತಿದ್ದರು.

ಬೀಗಿತ್ತಿಯ ಮುಖ ಬಿಳಿಚಿತ್ತು. "ಈಗ... ನನಗೇನಾಗುತ್ತೆ?" ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೂಜಾರಪ್ಪ ಆಚಾರ್ರನ್ನು ನೋಡಿದ. ಆಚಾರ್ರು ಸ್ವಲ್ಪ ಯೋಚಿಸಿದರು. "ಏನೂ ಆಗಲ್ಲ ತಾಯಿ. ಹಸುವಿನ ಜಾಗದಲ್ಲಿ ನೀವು ನಿಂತ್ರಿ. ಹಸುವಿಗೆ ಏನೇನು ಮಾಡಬೇಕೋ ಅದನ್ನ ನಿಮಗೆ ಮಾಡಿದ್ರೆ ದೋಷ ಇಲ್ಲ."

"ಮಾಡಿ, ಮಾಡಿ, ಬೇಗ ಮಾಡಿ" ಎಂದರು ಬೀಗಿತ್ತಿ.

ಮಾಡಿದೆವು. ಹಣೆಗೂ ಕೆನ್ನೆಗೂ ಅರಿಶಿನ ಬಳಿದಾಯಿತು. ಹಸುವಿನ ದಪ್ಪ ಹಾರ ಕೊರಳಿಗೆ ಬಿತ್ತು. ಮೊರದಲ್ಲಿದ್ದ ಅಕ್ಕಿ ಬೆಲ್ಲ ಬಾಳೆಹಣ್ಣನ್ನು ಪೂಜಾರಪ್ಪ ಬಾಯಿಗೇ ಹಿಡಿದ. ಅವರು ಕಣ್ಣು ಮುಚ್ಚಿ ತಿಂದರು. ಊರಿನ ಹೆಂಗಸರು ಸಾಲಾಗಿ ಪ್ರದಕ್ಷಿಣೆ ಬಂದರು. ಹಸುವಿನ ಪೂಜೆಯಲ್ಲಿ ಕೊನೆಗೆ ಬಾಲ ಮುಟ್ಟಿ ನಮಸ್ಕರಿಸುವುದು ಕ್ರಮ. ಒಬ್ಬ ಅಜ್ಜಿ ಹಿಂದಕ್ಕೆ ಹೋಗಿ, ತುಸು ಹುಡುಕಿ, ಅವರ ಸೆರಗಿನ ತುದಿ ಹಿಡಿದು ಕಣ್ಣಿಗೊತ್ತಿಕೊಂಡಳು. ಉಳಿದವರೂ ಹಾಗೆಯೇ ಮಾಡಿದರು.

ಎಲ್ಲ ಮುಗಿದ ಮೇಲೆ ಬೀಗಿತ್ತಿ ಬಾಯಲ್ಲಿದ್ದ ಅಕ್ಕಿ ನುಂಗಿ, ನನ್ನನ್ನು ಪಕ್ಕಕ್ಕೆ ಕರೆದರು. "ಮದುವೆ ಈ ವಾರವೇ ಇಟ್ಟುಕೊಳ್ಳಿ. ಅಮ್ಮ ನನ್ನೇ ನೋಡಿದ ಮೇಲೆ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಇಲ್ಲಿ ನಡೆದದ್ದು ಅರಸೀಕೆರೆಗೆ ಗೊತ್ತಾಗಕೂಡದು. ನಿಮ್ಮ ಮಾತು ಬೇಕು ನನಗೆ."

ಮಾತು ಕೊಟ್ಟೆ. ಕೊಟ್ಟ ಮಾತು ತಪ್ಪುವವಳು ನಾನಲ್ಲ, ಒಬ್ಬರಿಗೂ ಹೇಳಲಿಲ್ಲ. ಆದರೆ ಮದುವೆಯ ದಿನ ಅರಸೀಕೆರೆಯಿಂದ ಬಸ್ಸು ತುಂಬ ನೆಂಟರು ಬಂದಿಳಿದರು. ಅವರೆಲ್ಲರ ಎದುರಿಗೇ ನಮ್ಮೂರ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬೀಗಿತ್ತಿಯ ಬಾಯಿಗೆ ಒಂದೊಂದು ತುಂಡು ಬೆಲ್ಲ ಇಟ್ಟು, ಸುತ್ತು ಬಂದು, ಹಿಂದೆ ನಿಂತು ಸೆರಗು ಕಣ್ಣಿಗೊತ್ತಿಕೊಂಡು ಹೋಗತೊಡಗಿದರು.

ನೆಂಟರಲ್ಲೊಬ್ಬರು ಬೆರಗಾಗಿ ನನ್ನ ಪಕ್ಕಕ್ಕೆ ಬಂದರು. "ಏನ್ರೀ ಇದು, ನಿಮ್ಮೂರಲ್ಲಿ ಬೀಗಿತ್ತಿಗೆ ಇಷ್ಟೊಂದು ಮರ್ಯಾದೆನಾ! ನಮ್ಮ ಮಗನಿಗೂ ಇಲ್ಲೇ ಒಂದು ಹೆಣ್ಣು ನೋಡಿ. ನನ್ನ ಹೆಂಡ್ತಿಗೂ ಹೀಗೇ ಮಾಡಿಸಬೇಕು."