ನಮ್ಮ ತಲೆಬಾಗಿಲ ಮೇಲೆ ಆರು ದಿನ ಕುಳಿತುಹೋದ ಜೇನುರಾಣಿಯವರಿಗೆ

ಮಹಾರಾಣಿ ಹೆಜ್ಜೇನು ಅವರ ಸನ್ನಿಧಾನಕ್ಕೆ,
ಮೊಕ್ಕಾಂ: ಯುಗಾದಿಯ ಮರುದಿನದವರೆಗೆ ಹನುಮಸಾಗರ, ನಮ್ಮ ಬಾಗಿಲ ಚೌಕಟ್ಟಿನ ಮೇಲ್ಭಾಗ, ಸದ್ಯ ಎಲ್ಲಿ ಎಂಬುದು ತಿಳಿದುಬಂದಿಲ್ಲ.

ಮಾನ್ಯರೇ,

ಹೊಸ ಸಂವತ್ಸರದ ಶುಭಾಶಯಗಳು. ತಾವೂ ತಮ್ಮ ಸಾವಿರಾರು ಮಕ್ಕಳೂ ಕ್ಷೇಮವೆಂದು ಭಾವಿಸಿ, ತಮ್ಮ ರೆಕ್ಕೆಗಳಿಗೂ ತಮ್ಮ ಪರಿವಾರದ ಸಮಸ್ತ ಕೊಂಡಿಗಳಿಗೂ ದೂರದಿಂದಲೇ ನಮಸ್ಕರಿಸಿ, ಹನುಮಸಾಗರದ ನಿವಾಸಿ ಈಶಪ್ಪನಾದ ನಾನು ಈ ದೂರನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಖಾಸಗಿಯಾಗಿ ಸಲ್ಲಿಸೋಣವೆಂದರೆ ತಾವು ವಿಳಾಸ ಬಿಟ್ಟುಹೋಗಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಕುಷ್ಟಗಿಯಲ್ಲಿ ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡು ಮಂದಿಗೆ ಅರ್ಜಿ ಬರೆದುಕೊಡುವುದು ನನ್ನ ಉದ್ಯೋಗ. ಪಹಣಿ ತಿದ್ದುಪಡಿಯಿಂದ ಹಿಡಿದು ಕಳೆದುಹೋದ ಎಮ್ಮೆಯವರೆಗೆ ನಾನು ಬರೆಯದ ದೂರಿಲ್ಲ. ಆದರೆ ನನ್ನದೇ ಸ್ವಂತದ ದೂರು ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಒಕ್ಕಣೆಯಲ್ಲಿ ಕೈ ತಪ್ಪಿದರೆ ಕ್ಷಮೆಯಿರಲಿ.

ತಾವು ಹಾಳುಮಾಡಿದ ವಸ್ತು ಯಾವುದೆಂಬುದನ್ನು ಮೊದಲು ನಿವೇದಿಸಿಕೊಳ್ಳಬೇಕು. ಅದು ನನ್ನ ಮತ್ತು ನನ್ನ ತಮ್ಮ ಪ್ರಭುರಾಜನ ಜಗಳ.

ನಮ್ಮದು ಒಂದೇ ತಲೆಬಾಗಿಲಿನ ಮನೆ. ಎಡಕ್ಕೆ ನಾನು ಮತ್ತು ನನ್ನ ಹೆಂಡತಿ ಭವಾನಿ, ಬಲಕ್ಕೆ ಪ್ರಭುರಾಜ ಮತ್ತು ಅವನ ಹೆಂಡತಿ ಮಹೇಶ್ವರಿ, ನಡುವೆ ಪಡಸಾಲೆಯಲ್ಲಿ ನಮ್ಮ ಅವ್ವ ಕಳಕಮ್ಮ. ಎರಡು ವರ್ಷದ ಹಿಂದೆ ಯುಗಾದಿಗೆ ಬಣ್ಣ ಬಳಿಸುವ ಮಾತು ಬಂದಾಗ, ಅಪ್ಪನ ಕಾಲದಿಂದ ಇರುವಂತೆ ನೀಲಿ ಬೆರೆಸಿದ ಸುಣ್ಣವೇ ಇರಲಿ ಎಂದು ನಾನು ಹೇಳಿದೆ. ಪಂಪ್‌ಸೆಟ್ ಅಂಗಡಿ ಇಟ್ಟಿರುವ ಪ್ರಭುರಾಜ ಗಿಳಿಹಸಿರೇ ಆಗಬೇಕೆಂದ. ನಾನು ಅವನ ಬಣ್ಣವನ್ನು ಕೀಟನಾಶಕದ ಡಬ್ಬಿಗೆ ಹೋಲಿಸಿದೆ, ಅವನು ನನ್ನ ಬಣ್ಣವನ್ನು ಬಸ್ ನಿಲ್ದಾಣದ ಮೂತ್ರಾಲಯಕ್ಕೆ ಹೋಲಿಸಿದ. ಅಂದಿನಿಂದ ಮಾತಿಲ್ಲ. ಮುಂಗೋಡೆಯ ಎಡ ಅರ್ಧ ಬಿಳಿ, ಬಲ ಅರ್ಧ ಹಸಿರು. ಗೆರೆ ನೇರವಾಗಿ ಬಾಗಿಲ ಚೌಕಟ್ಟಿನ ನಟ್ಟನಡುವೆ ಇಳಿಯುತ್ತಿತ್ತು. ಪಡಸಾಲೆಯಲ್ಲಿ ಎರಡು ಕಪಾಟುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಗಡಿ ಮಾಡಿದ್ದೆವು. ಗಡಿ ಮುಗಿಯುವಲ್ಲಿ ಅವ್ವನ ಹೊರಸು. ಅವಳ ತಲೆ ನನ್ನ ಪಾಲಿಗೆ, ಕಾಲು ಅವನ ಪಾಲಿಗೆ. ಅನ್ಯಾಯವಾಗಬಾರದೆಂದು ಪ್ರತಿ ಅಮಾವಾಸ್ಯೆಗೆ ಅವ್ವ ದಿಕ್ಕು ಬದಲಿಸಿ ಮಲಗುತ್ತಿದ್ದಳು.

ಮಾತನಾಡಲೇಬೇಕಾದಾಗ ಅವ್ವನ ಮೂಲಕ ಮಾತು. "ಅವ್ವಾ, ನಳದಾಗ ನೀರು ಬಂದಾವು ಅಂತ ಹೇಳು," ಎಂದು ಪ್ರಭುರಾಜ ಕಪಾಟಿನ ಆಚೆಯಿಂದ ಹೇಳುತ್ತಿದ್ದ. ಅದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಅವ್ವ ನನ್ನ ಕಡೆ ತಿರುಗಿ, "ನೀರು ಬಂದಾವಂತ," ಎನ್ನುವವರೆಗೆ ನಾನು ಕೊಡ ಮುಟ್ಟುತ್ತಿರಲಿಲ್ಲ. ಇಷ್ಟು ಶಿಸ್ತಿನಿಂದ ನಡೆಸಿಕೊಂಡು ಬಂದ ಜಗಳ ಇಡೀ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಯಲಬುರ್ಗಾ ಕಡೆಯ ಮಂಗಳೂರಿನಿಂದ ಬಂದ ಬೀಗರು ಕೂಡ ನಮ್ಮ ಗೋಡೆಯ ಗೆರೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗಿದ್ದಾರೆ.

ಇಂತಿರಲು, ಈ ಸಲದ ಯುಗಾದಿಗೆ ಐದು ದಿನ ಉಳಿದಿದ್ದಾಗ ನಾವು ಹಬ್ಬದ ಮನೆ ತೊಳೆಯುವ ಕೆಲಸ ಹಚ್ಚಿಕೊಂಡಿದ್ದೆವು. ಹಾಸಿಗೆ, ಕೌದಿ, ಟ್ರಂಕು, ಡಬ್ಬಿ, ತಾಮ್ರದ ಹಂಡೆ, ಎರಡು ಮನೆಯ ಒಲೆಗಳು, ಗಡಿಯ ಆ ಎರಡು ಕಪಾಟುಗಳೂ ಸೇರಿ ಸಕಲ ಸಾಮಾನುಗಳನ್ನು ಮುಂದಿನ ಅಂಗಳಕ್ಕೆ ಹೊತ್ತುಹಾಕಿದ್ದೆವು. ಬಣ್ಣದ ಜಿಲಾನಸಾಬ ಒಂದು ಬಕೆಟ್ಟಿನಲ್ಲಿ ನನ್ನ ಸುಣ್ಣ, ಇನ್ನೊಂದರಲ್ಲಿ ತಮ್ಮನ ಹಸಿರು ಕಲಸಿಕೊಂಡು, ಬಾಗಿಲಿಗೆ ಏಣಿ ಹಚ್ಚಿ, ನಡುವಿನ ಗೆರೆಯನ್ನು ದಾರ ಹಿಡಿದು ಅಳೆಯುತ್ತಿದ್ದ. ಗೆರೆ ಎರಡು ಬೆರಳು ನನ್ನ ಕಡೆ ಜರುಗಿದೆಯೆಂದು ನನಗೆ ಅನುಮಾನ. ತನ್ನ ಕಡೆ ಜರುಗಿದೆಯೆಂದು ಅವನಿಗೆ.

"ಸಾಹೇಬ್ರ, ಮ್ಯಾಲ ಮೋಡ ಬಂದಂಗ ಐತ್ರಿ," ಎಂದ ಜಿಲಾನಸಾಬ.

"ಈ ತಿಂಗಳದಾಗ ಎಲ್ಲಿ ಮೋಡ, ನೀ ಗೆರಿ ನೋಡು," ಎಂದೆ.

ಆ ಮೋಡವೇ ತಾವು. ತಮ್ಮ ಆಗಮನದ ಸದ್ದನ್ನು ನಾನು ಮೊದಲು ತಮ್ಮನ ಅಂಗಡಿಯ ಪಂಪು ಎಂದೇ ತಿಳಿದೆ. ಬಾಗಿಲ ಮುಂದಿದ್ದ ನಾವೆಲ್ಲ ಒಳಕ್ಕೆ ಓಡಿದೆವು. ಅವ್ವನನ್ನು ಭವಾನಿ ಮತ್ತು ಮಹೇಶ್ವರಿ ಹೊರಸು ಸಮೇತ ಎತ್ತಿ ತಂದರು. ಕೊನೆಗೆ ಬಂದ ಜಿಲಾನಸಾಬನ ಎರಡೂ ಕೈಯಲ್ಲಿ ಬಕೆಟ್ಟು. ಬಾಗಿಲು ಹಾಕಲು ಕೈ ಬೇಕಾದ್ದರಿಂದ ಅವನು ಒಂದು ಬಕೆಟ್ಟನ್ನು ಇನ್ನೊಂದಕ್ಕೆ ಸುರಿದು, ಖಾಲಿಯಾದದ್ದನ್ನು ಹೊರಗೆಸೆದು, ಬಾಗಿಲು ಹಾಕಿಬಿಟ್ಟ. ತಾವು ಚೌಕಟ್ಟಿನ ಮೇಲೆ, ಸರಿಯಾಗಿ ಗೆರೆಯ ಎರಡೂ ಬದಿಗೆ ಸಮನಾಗಿ, ಮೊರದಷ್ಟು ಅಗಲ ಆಸೀನರಾದಿರಿ. ಹೀಗೆ ನಮ್ಮ ಸಾಮಾನೆಲ್ಲ ಹೊರಗೆ, ನಾವೆಲ್ಲ ಒಳಗೆ. ಪಡಸಾಲೆಯಲ್ಲಿ ಒಂದು ಹೊರಸು ಬಿಟ್ಟರೆ ಏನೂ ಇರಲಿಲ್ಲ. ಎರಡು ವರ್ಷದ ಮೇಲೆ ನಾನೂ ಪ್ರಭುರಾಜನೂ ನಡುವೆ ಕಪಾಟಿಲ್ಲದೆ ಎದುರುಬದುರು ನಿಂತಿದ್ದೆವು. ಅವನ ಮೀಸೆ ಬೆಳ್ಳಗಾಗಿರುವುದು ನನಗೆ ಆಗಲೇ ಗೊತ್ತಾದದ್ದು.

ನಾನು ನಿಯಮದ ಪ್ರಕಾರ ಗೋಡೆಯ ಕಡೆ ತಿರುಗುವವನಿದ್ದೆ. ಅಷ್ಟರಲ್ಲಿ ಅವನು ಮಾತನಾಡಿಬಿಟ್ಟ.

"ಅಣ್ಣ, ಅಲುಗಾಡಬ್ಯಾಡ. ನಿನ್ನ ಕಾಲರ್ ಮ್ಯಾಲ ಮೂರು ಅದಾವ."

ಅವ್ವನ ಮೂಲಕ ಹೇಳಿಸಬಹುದಿತ್ತು, ಹೇಳಿಸಲಿಲ್ಲ. ಹತ್ತಿರ ಬಂದು ತಮ್ಮ ಮೂರು ಮಂದಿ ಮಕ್ಕಳನ್ನು ಬರಿಗೈಯಿಂದ ಹಿಡಿದು ತೆಗೆದ. ಇಬ್ಬರು ಅವನ ಅಂಗೈಗೆ ಕಚ್ಚಿದರು, ಒಬ್ಬರು ತುಟಿಗೆ. ಐದು ನಿಮಿಷಕ್ಕೆ ತುಟಿ ಬದನೆಕಾಯಿಯಂತಾಯಿತು, ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿಹೋದವು. ಆಮೇಲೆ ಅವನ ಎದೆಯಿಂದ ಸಣ್ಣ ಸೀಟಿಯಂಥ ಸದ್ದು ಬರತೊಡಗಿತು.

"ಭಾವ, ಇವರಿಗೆ ಉಸಿರು ಸಿಗವಲ್ದು," ಎಂದಳು ಮಹೇಶ್ವರಿ. ಅವಳೂ ಎರಡು ವರ್ಷದ ಮೇಲೆ ನನ್ನನ್ನು ಕರೆದದ್ದು ಆಗಲೇ.

ನನ್ನ ಗಾಡಿ ಮುಂದೆ ತಮ್ಮ ಆಸ್ಥಾನದ ಕೆಳಗಿತ್ತು. ಮನೆಯ ಹಿತ್ತಲ ಬಾಗಿಲು ಪ್ರಭುರಾಜನ ಅಡುಗೆಮನೆಯಲ್ಲಿದೆ. ಇನ್ನು ಕಾಲಿಡುವುದಿಲ್ಲವೆಂದು ನಾನು ಆಣೆ ಮಾಡಿದ ಅಡುಗೆಮನೆ ಅದು. ಅದನ್ನು ದಾಟಿ, ಹಿತ್ತಲಲ್ಲಿದ್ದ ಅವನದೇ ಗಾಡಿಯ ಮೇಲೆ ಅವನನ್ನು ಕೂರಿಸಿಕೊಂಡು ದವಾಖಾನೆಗೆ ಹೊರಟೆ. ಅವನು ಎರಡೂ ಕೈಯಿಂದ ನನ್ನ ಸೊಂಟ ಹಿಡಿದು, ತಲೆಯನ್ನು ನನ್ನ ಬೆನ್ನಿಗೆ ಆನಿಸಿದ್ದ. ದಾರಿಯುದ್ದಕ್ಕೂ ಆ ದಪ್ಪ ತುಟಿಯಿಂದ ಏನೋ ಹೇಳುತ್ತಲೇ ಇದ್ದ. ತಪ್ಪಾಯಿತು ಎಂದನೋ, ಗಾಡಿ ನಿಧಾನ ಹೊಡಿ ಎಂದನೋ, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಈವರೆಗೂ ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ದವಾಖಾನೆಯ ಸಿಸ್ಟರ್ ಚೀಟಿ ಬರೆಯುತ್ತ, "ಪೇಶಂಟ್ ನಿಮಗ ಏನಾಗ್ಬೇಕ್ರಿ?" ಎಂದು ಕೇಳಿದರು.

ಸಾವಿರಾರು ಅರ್ಜಿಗಳಲ್ಲಿ ಮಂದಿಯ ಸಂಬಂಧಗಳನ್ನು ಸರಾಗವಾಗಿ ಬರೆದ ನಾನು ಎರಡು ವರ್ಷದಿಂದ ಆ ಒಂದು ಪದವನ್ನು ಬಾಯಿಂದ ಹೊರಡಿಸಿರಲಿಲ್ಲ. "ತಮ್ಮ," ಎಂದೆ.

ಎರಡು ಸೂಜಿ ಚುಚ್ಚಿ, ಮೂಗಿಗೆ ಗಾಳಿ ಹಚ್ಚಿ, ಡಾಕ್ಟರು ಹೊರಗೆ ಬಂದು, "ಛಲೋ ಆತು ಲಗೂನ ತಂದ್ರಿ. ಇನ್ನಷ್ಟು ತಡಾ ಆಗಿದ್ರ ಭಾಳ ಕಷ್ಟ ಇತ್ತು," ಎಂದರು. ನಾನು ಸರಿ ಎಂದು ತಲೆಯಾಡಿಸಿ ಬೆಂಚಿನ ಮೇಲೆ ಕುಳಿತೆ. ಸಿಸ್ಟರ್ ಕೊಟ್ಟ ಚೀಟಿಯನ್ನು ಪೂರ್ತಿ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದೆ. ಈ ಒಂದು ವಿಷಯದಲ್ಲಿ, ಮಾನ್ಯರೇ, ನಾನು ತಮ್ಮನ್ನು ಹೊಗಳಲಾರೆ.

ಮನೆಗೆ ಮರಳಿದಾಗ ಓಣಿಯ ಹಿರಿಯರು ಕೂಡಿ, ಹೊಗೆ ಹಾಕಿ ತಮ್ಮನ್ನು ಎಬ್ಬಿಸುವ ಏರ್ಪಾಟು ಮಾಡುತ್ತಿದ್ದರು. ತಡೆದವಳು ನಮ್ಮ ಅವ್ವ.

"ಹಬ್ಬಕ್ಕ ಬಂದಾವ, ಇರಲಿ ಬಿಡ್ರಿ," ಎಂದಳು. "ಇವರಂಗ ಒಬ್ಬರಿಗೊಬ್ಬರು ಮಾರಿ ತಿರುವಿಕೊಂಡು ಕುಂತಿಲ್ಲ. ಕೂಡಿ ಕುಂತಾವ."

ಓಣಿಯವರು ನಮ್ಮನ್ನು ನೋಡಿದರು. ಪ್ರಭುರಾಜ ಊದಿಕೊಂಡ ಕಣ್ಣಿನಿಂದ ನೆಲ ನೋಡಿದ. ನಾನು ಚೌಕಟ್ಟಿನ ಮೇಲಿದ್ದ ತಮ್ಮ ಕಡೆ ನೋಡಿದೆ.

ಅಂದಿನಿಂದ ನಾವು ಹಿತ್ತಲಿನ ಬೇವಿನ ಮರದ ಕೆಳಗೆ ಬದುಕಿದೆವು. ಸಂಜೆ ತಾವು ಶಾಂತರಾದ ಮೇಲೆ ಅಂಗಳದ ಅಂಚಿನಿಂದ ಕೈಗೆ ಸಿಕ್ಕ ಸಾಮಾನು ಎಳೆದು ತರುತ್ತಿದ್ದೆವು. ಸಿಕ್ಕದ್ದು ನನ್ನ ಒಲೆ, ಅವನ ಸಿಲಿಂಡರು, ಭವಾನಿಯ ಹಂಚು, ಮಹೇಶ್ವರಿಯ ಲಟ್ಟಣಿಗೆ. ಎರಡು ಅಡುಗೆ ಮಾಡುವ ಸೌಕರ್ಯವನ್ನು ತಾವು ಉಳಿಸಲಿಲ್ಲವಾದ್ದರಿಂದ ಒಂದೇ ಅಡುಗೆಯಾಯಿತು. ಅವ್ವನ ಆಜ್ಞೆಯಂತೆ, ಅಂಗೈ ಊದಿದ ನನ್ನ ತಮ್ಮನಿಗೆ ನಾನೇ ರೊಟ್ಟಿ ಮುರಿದು ಪಲ್ಲೆ ಹಚ್ಚಿ ತಿನ್ನಿಸಿದೆ. ಐವತ್ತಾರು ವರ್ಷದ ಗಂಡಸು ಐವತ್ತೊಂದು ವರ್ಷದ ಮೀಸೆ ಗಂಡಸಿಗೆ ತುತ್ತು ಕೊಡುವ ದೃಶ್ಯವನ್ನು ಊರಿಗೆ ಊರೇ ಕಾಂಪೌಂಡಿನ ಮೇಲಿಂದ ನೋಡಿತು. ಎರಡನೇ ದಿನ ಅವನು, "ಇನ್ನಷ್ಟು ಖಾರ ಹಚ್ಚು," ಎಂದು ಹುಕುಂ ಬೇರೆ ಮಾಡಿದ. ಹಚ್ಚಿದೆ. ಬೇಕಾದದ್ದಕ್ಕಿಂತ ಹೆಚ್ಚೇ ಹಚ್ಚಿದೆ.

ಮಧ್ಯಾಹ್ನದ ಉರಿಯಲ್ಲಿ ಕೌದಿ ಹಾಸಿಕೊಂಡು ಬಿದ್ದರೆ ಮೇಲಿನಿಂದ ಬೇವಿನ ಹೂವು ಮಜ್ಜಿಗೆ ಲೋಟಕ್ಕೆ ಉದುರುತ್ತಿತ್ತು. ಎಲ್ಲೋ ಕೋಗಿಲೆ ಕೂಗುತ್ತಿತ್ತು. ಅವ್ವ ಹುಣಸೆ ಬೀಜ ಹಿಡಿದು ಚೌಕಾಬಾರ ಆಡುತ್ತ ಎಲ್ಲರ ಕಾಯಿಗಳನ್ನೂ ಮೋಸದಿಂದ ಹೊಡೆಯುತ್ತಿದ್ದಳು. ನಾನೂ ಪ್ರಭುರಾಜನೂ ಅವಳ ಮೋಸವನ್ನು ಹಿಡಿಯಲು ಒಂದೇ ಪಕ್ಷವಾಗಬೇಕಾಯಿತು. ಇಂಥ ಸುಖ ನಮ್ಮ ಮನೆಗೆ ಅಭ್ಯಾಸವಿಲ್ಲದ್ದು. ನನಗೆ ಎರಡು ದಿನ ಸರಿಯಾಗಿ ಜೀರ್ಣವೇ ಆಗಲಿಲ್ಲ. ಯುಗಾದಿಯ ದಿನ ಒಂದೇ ಹಂಡೆಯ ನೀರಿನಲ್ಲಿ ಎಣ್ಣೆಸ್ನಾನ, ಒಂದೇ ಪಾತ್ರೆಯಲ್ಲಿ ಬೇವು-ಬೆಲ್ಲದ ಪಾನಕ, ಇಬ್ಬರು ಹೆಂಗಸರು ಕೂಡಿ ತಟ್ಟಿದ ನಲವತ್ತೆರಡು ಹೋಳಿಗೆ. ಹತ್ತೊಂಬತ್ತನ್ನು ಪ್ರಭುರಾಜ ತಿಂದ. ಆಗ ಅವನ ಕೈಗೆ ಯಾವ ನೋವೂ ಇರಲಿಲ್ಲ. ಮರುದಿನ ಬೆಳಿಗ್ಗೆ ನಾವು ಚಹಾ ಕುಡಿಯುತ್ತಿರುವಾಗಲೇ ತಾವು ಒಂದು ಮಾತೂ ಹೇಳದೆ ಕನಕಗಿರಿಯ ದಿಕ್ಕಿಗೆ ಎದ್ದುಹೋದಿರಿ.

ಈಗ ನಮಗಾದ ನಷ್ಟವನ್ನು ಕೇಳಿರಿ. ಕಪಾಟುಗಳನ್ನು ಮೊದಲಿನ ಜಾಗಕ್ಕೆ ಇಡಬೇಕೆಂದರೆ ಮಹೇಶ್ವರಿ ಅಲ್ಲಿ ಹೊಲಿಗೆ ಯಂತ್ರ ಇಟ್ಟುಬಿಟ್ಟಿದ್ದಾಳೆ, ಭವಾನಿ ಅದರ ಮೇಲೆ ಕುಪ್ಪಸ ಹೊಲಿಯುತ್ತಿದ್ದಾಳೆ. ಬಾಗಿಲು ಹಾಕಿಕೊಂಡಿದ್ದಾಗ ಜಿಲಾನಸಾಬ ಸುಮ್ಮನೆ ಕೂರಲಾರದೆ ಆ ಬೆರಕೆ ಬಣ್ಣವನ್ನೇ ಪಡಸಾಲೆಗೆಲ್ಲ ಬಳಿದುಬಿಟ್ಟಿದ್ದಾನೆ. ಅದು ಬಿಳಿಯೂ ಅಲ್ಲ, ಹಸಿರೂ ಅಲ್ಲ. ಮೂರು ದಿನದ ಹೆಸರುಬೇಳೆ ಪಾಯಸದಂತಿದೆ. ಅದು ಕೆಟ್ಟದಾಗಿದೆಯೆಂದು ನಾನು ಹೇಳಿದೆ, ತಮ್ಮ ಹೌದೆಂದ. ನಮ್ಮಿಬ್ಬರಿಗೂ ಒಂದೇ ಅಭಿಪ್ರಾಯ ಬಂದುಬಿಟ್ಟರೆ ಮುಂದೆ ಸಂಸಾರ ನಡೆಯುವುದು ಹೇಗೆ? ನೀರು ಬಂದಾಗ ಅವನು ನೇರವಾಗಿ ನನ್ನನ್ನೇ ಕೂಗುತ್ತಾನೆ. ಕೆಲಸ ತಪ್ಪಿದ ಅವ್ವ ಇಡೀ ದಿನ ನಮ್ಮಿಬ್ಬರನ್ನೂ ಕೂಡಿಸಿ ಬೈಯುತ್ತಿದ್ದಾಳೆ.

ಆದ್ದರಿಂದ ತಾವು ದಯಮಾಡಿ ನಮ್ಮ ಜಗಳವನ್ನು ಇದ್ದ ಸ್ಥಿತಿಯಲ್ಲಿ, ಗಡಿ ಸಮೇತ, ಹದಿನೈದು ದಿನದೊಳಗೆ ಹಿಂದಿರುಗಿಸಬೇಕು. ಅದು ಆಗದಿದ್ದರೆ ಅಷ್ಟೇ ಗಟ್ಟಿಯಾದ ಇನ್ನೊಂದು ಜಗಳವನ್ನಾದರೂ ಒದಗಿಸಬೇಕು. ತಮ್ಮ ಪರಿವಾರದಲ್ಲಿ ಇಷ್ಟು ಮಂದಿ ಇರುವಾಗ ಹಳೆಯದೊಂದು ಬಿದ್ದಿರದೆ ಇರಲಾರದು. ಪ್ರಭುರಾಜನ ತುಟಿಗೆ ಕೊಂಡಿ ಹಾಕಿದ ಮಗಳನ್ನು ಗುರುತು ಪರೇಡಿಗೆ ಹಾಜರುಪಡಿಸಬೇಕು. ಮುಂದಿನ ವರ್ಷ ಬರುವುದಾದರೆ ಎಂಟು ದಿನ ಮೊದಲು ಲಿಖಿತ ಸೂಚನೆ ಕೊಡಬೇಕು, ಏಕೆಂದರೆ ನನ್ನ ಗಾಡಿಯನ್ನು ನಾನು ಹಿತ್ತಲಿಗೆ ತಂದು ನಿಲ್ಲಿಸಬೇಕಾಗುತ್ತದೆ. ಬರುವುದೇ ಇಲ್ಲವೆಂದಾದರೆ ಅದನ್ನೂ ಬರೆದು ತಿಳಿಸಬೇಕು. ಅವ್ವ ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಮೇಲೆ ನೋಡುತ್ತಾಳೆ, ಅವಳಿಗೆ ಉತ್ತರ ಹೇಳಿ ನನಗೆ ಸಾಕಾಗಿದೆ.

ತಮ್ಮ ಕೊಂಡಿಗೆ ಯೋಗ್ಯವಾದ ಅಂತರದಲ್ಲಿ ನಿಂತು,

ತಮ್ಮ ವಿಶ್ವಾಸಿ,
ಈಶಪ್ಪ
ಅರ್ಜಿ ಬರಹಗಾರ, ಹನುಮಸಾಗರ

ವಿ. ಸೂ.: ತಮ್ಮ ಗೂಡಿನಲ್ಲಿ ಗಂಡು ಹುಳುಗಳು ಯಾವ ಕೆಲಸವನ್ನೂ ಮಾಡದೆ ಉಂಡುಕೊಂಡಿರುತ್ತವೆಂದೂ, ಜೇನುತುಪ್ಪ ಕಡಿಮೆಯಾದ ಕಾಲಕ್ಕೆ ಹೆಣ್ಣು ಹುಳುಗಳೆಲ್ಲ ಕೂಡಿ ಅವನ್ನು ಹೊರಗೆ ದಬ್ಬುತ್ತವೆಂದೂ ಮಹೇಶ್ವರಿ ಮೊಬೈಲಿನಲ್ಲಿ ಹುಡುಕಿ ಭವಾನಿಗೆ ಗಟ್ಟಿಯಾಗಿ ಓದಿ ಹೇಳಿದ್ದಾಳೆ. ಇಬ್ಬರೂ ಓದಿ ಕೇಳಿ ಮುಗಿಸಿ, ಚೌಕಾಬಾರ ಆಡುತ್ತಿದ್ದ ನಮ್ಮಿಬ್ಬರನ್ನು ಬಹಳ ಹೊತ್ತು ನೋಡಿದರು. ಆ ಸುದ್ದಿ ಸುಳ್ಳೆಂದು ತಾವು ಕೂಡಲೇ ಒಂದು ಪ್ರಕಟಣೆ ಹೊರಡಿಸಬೇಕಾಗಿ ವಿನಂತಿ. ಅದು ಬರುವವರೆಗೆ ನಾನು ಪಾತ್ರೆ ತೊಳೆಯುತ್ತಿದ್ದೇನೆ, ಪ್ರಭುರಾಜ ಒರೆಸಿಡುತ್ತಿದ್ದಾನೆ.