ಅಕ್ಕನ ಫಿರೋಜಾ, ನನ್ನ ಅಂಟುವಾಳದ ನೀರು

ನಮ್ಮ ಅಕ್ಕನ ಆರೋಗ್ಯ ಅವಳ ಮೈಯಲ್ಲಿಲ್ಲ, ಬಲಗೈಯ ಉಂಗುರದಲ್ಲಿದೆ. ಡಾಕ್ಟರು ನಾಡಿ ಹಿಡಿಯಲು ಬಂದರೆ ಅವಳು ಉಂಗುರ ತೋರಿಸುತ್ತಾಳೆ. ಅಂಥ ಉಂಗುರವನ್ನು ಹಾಳು ಮಾಡಿದ ಪಾಪಿ ನಾನು. ಒಂದು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ, ಅನ್ನ ಇಳಿಯಲಿಲ್ಲ.

ಅದರಲ್ಲಿರುವುದು ಫಿರೋಜಾ ಕಲ್ಲು. ಆಕಾಶದ ನೀಲಿಗೆ ಒಂದು ಚಮಚ ಹಾಲು ಬೆರೆಸಿದ ಬಣ್ಣ. ಶ್ರೀರಂಗಪಟ್ಟಣದ ಕೋಟೆಯ ಹತ್ತಿರ ಹರಳು ಮಾರುವ ಮುದುಕ ಸಾಹೇಬರೊಬ್ಬರು ಕೊಟ್ಟದ್ದು. ದೃಷ್ಟಿ ತೆಗೆಯುತ್ತದೆ, ಬಿಪಿ ಇಳಿಸುತ್ತದೆ, ಕೇಡು ಬರುವ ಮೊದಲು ಬಣ್ಣ ಬದಲಿಸಿ ಎಚ್ಚರಿಸುತ್ತದೆ ಎಂದರಂತೆ. ಅಕ್ಕ ನಂಬಿದಳು. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ, ಅವರು ಹೇಳಿದ ಪಥ್ಯವನ್ನೂ ನಂಬಿದಳು! ಈ ಕಲ್ಲು ಎಳೆಗೂಸಿನ ಹಾಗೆ. ಎಣ್ಣೆ, ಸೋಪು, ಸೆಂಟು, ಬಿಸಿನೀರು, ಏನು ಸೋಕಿದರೂ ಕುಡಿದುಬಿಡುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಬೇಕು, ಅಷ್ಟೆ.

ಅಂದಿನಿಂದ ಬಿಂಡಿಗನವಿಲೆಯ ಅವಳ ಮನೆಯಲ್ಲಿ ಮುದ್ದೆ ಕಟ್ಟುವ ಕೆಲಸ ಎಡಗೈಗೆ ಬಂತು. ಆ ಮುದ್ದೆಯ ಆಕಾರವನ್ನು ಏನೆಂದು ಹೇಳಲಿ? ಭಾವ ತಟ್ಟೆಯನ್ನು ಸುತ್ತ ತಿರುಗಿಸಿ ನೋಡಿ, "ಇದ್ರ ಮೂತಿ ಯಾವ್ ಕಡೀಕದೆ ಏಳೇ, ಅಲ್ಲಿಂದ ಸುರು ಮಾಡ್ತೀನಿ" ಅಂದರು. ಉಂಗುರ ತೆಗೆದಿಟ್ಟು ಅಡುಗೆ ಮಾಡಬಹುದಲ್ಲ ಎಂದರೆ, "ತಗುದ್ ಒತ್ನಲ್ಲೇ ಕೇಡು ಬಂದ್ರೆ?" ಎಂದಳು. ಮುಖ ತೊಳೆಯುವಾಗ ಬಲಗೈ ಮೇಲೆತ್ತಿರುತ್ತಿದ್ದಳು, ಉತ್ತರ ಗೊತ್ತಿರುವ ಹುಡುಗಿಯಂತೆ. ಏಳನೇ ಕ್ಲಾಸಿನವರೆಗೆ ಓದಿದ ನಾನು ಒಂದು ದಿನವೂ ಹಾಗೆ ಕೈಯೆತ್ತಿದವನಲ್ಲ.

ನಾಗಮಂಗಲದ ಬಸ್ಸಿನಲ್ಲಿ ಕೈಯನ್ನು ಕಿಟಕಿಯಾಚೆ ಇಟ್ಟಳು.

"ಯಮ್ಮೋ, ಕೈ ಒಳೀಕ್ ತಕ್ಕಳಿ" ಅಂದ ಕಂಡಕ್ಟರು.

"ಕಲ್ಲು ಬೆವ್ತದೆ ಕಣಪ್ಪ, ವಸಿ ಗಾಳಿ ಆಡ್ಲಿ."

"ಟಿಕೀಟು ನಿಮಗೊಬ್ರಿಗಾ, ಅದಕ್ಕೂ ಸೇರ್ಸಿ ಅರೀಲಾ?"

ಬೆಳಿಗ್ಗೆ ಎದ್ದರೆ ಕಲ್ಲಿನ ಬಣ್ಣವನ್ನು ಎದುರುಮನೆಯ ನೀಲಿ ಕಿಟಕಿಗೆ ಹಿಡಿದು ನೋಡುವಳು. ಅವರು ಮಗಳ ಮದುವೆಗೆಂದು ಕಿಟಕಿಗೆ ಹೊಸ ಬಣ್ಣ ಹೊಡೆಸಿದಾಗ ಅಕ್ಕ ಮೂರು ದಿನ ಹಾಸಿಗೆ ಹಿಡಿದಳು!

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಪಾಂಡವಪುರದಲ್ಲಿ ಚಿನಿವಾರ ಕೆಲಸ ಮಾಡುವವನು. ಕಲ್ಲು ಅಲುಗಾಡುತ್ತದೆಂದು ಅಕ್ಕ ಉಂಗುರ ತಂದಳು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಕಲ್ಲನ್ನು ಬಿಗಿ ಮಾಡಿದೆ. ಆಮೇಲೆ? ಕೈಗೆ ಬಂದ ಒಡವೆಯನ್ನು ಅಂಟುವಾಳದ ನೀರಿನಲ್ಲಿ ಕುದಿಸಿ, ಬ್ರಷ್ಷಿನಲ್ಲಿ ಉಜ್ಜದೆ ಕೊಡಬಾರದೆಂದು ಅಪ್ಪ ತಲೆಗೆ ಮೊಟಕಿ ಕಲಿಸಿದ್ದರು. ತಲೆ ಯೋಚಿಸುವುದರೊಳಗೆ ಕೈ ಮುಳುಗಿಸಿಬಿಟ್ಟಿತ್ತು. ತೆಗೆದು ನೋಡಿದರೆ ಆಕಾಶ ಹೋಗಿ ಹೀರೇಕಾಯಿ ಬಂದಿತ್ತು! ಒರೆಸಿದೆ, ಒಣಗಿಸಿದೆ. ಕೊನೆಗೆ ಹತ್ತಿಯಲ್ಲಿ ಸುತ್ತಿ ಅವಳ ಕೈಗಿಟ್ಟು, ಹಿಂದಿನ ಕೋಣೆಗೆ ಹೋಗಿ ಬೆವರಿದೆ.

ಮುಂದಿನ ವಾರ ಕೆ.ಆರ್. ಪೇಟೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆಯಬೇಕಿತ್ತು. ಸೂಜಿಗೆ ದಾರ ಪೋಣಿಸಲಾಗದ ಆ ಕಣ್ಣಿಗೆ ಕಲ್ಲು ಹಸುರಾದದ್ದು ಮಾತ್ರ ಕಂಡಿತು. ಆಪರೇಷನ್ ಬೇಡವೆಂದಳು. ಇನ್ನೊಂದು ದಿನ ಗೊತ್ತು ಮಾಡಿದರೂ ಹೋಗಲಿಲ್ಲ. ತಡವಾದರೆ ಕಷ್ಟ ಎಂದು ಡಾಕ್ಟರು ಗದರಿದರು. ಫೋನು ಬಂದಾಗಲೆಲ್ಲ ಭಾವನದೋ ಎಂದು ಮೊದಲು ನಂಬರು ನೋಡುತ್ತಿದ್ದೆ. ಮೊನ್ನೆ ಭಾವನದೇ ಫೋನು: "ನಿಮ್ಮಕ್ಕ ಒಸ್ಲು ಕಾಣ್ದೆ ಮುಗ್ಗರ್ಸುದ್ಲು ಕಣಪ್ಪ. ಅಣೆ ಒಡ್ಕಂಡವ್ಳೆ."

ಬೈಕು ಹತ್ತಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದಳು.

"ಅಕ್ಕ, ಆ ಕಲ್ಲು ತಾನಾಗೇ ಅಸ್ರಾಗ್ಲಿಲ್ಲ. ನಾನೇ ಅಂಟುವಾಳದ್ ನೀರ್ನಲ್ಲಿ ಕುದ್ಸ್‌ಬುಟ್ಟೆ."

"ನೀನೇ ಕುದ್ಸುದ್ದಾ?"

"ಊಂ."

"ದೇವ್ರಾಣೆಗೂ?"

"ದೇವ್ರಾಣೆಗೂ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಲೇ, ಇದು ಕುದ್ರೆ ಸವಾರರ ಕಲ್ಲಂತೆ. ಯಾರ ಎಸ್ರೇಳಿ ಆಕ್ಕತೀವೋ ಅವ್ರು ಬೀಳ್ದಂಗೆ ಕಾಯ್ತದೆ ಅಂದಿದ್ರು ಸಾಹೇಬ್ರು. ದಿನಾ ಲಾರಿಗಳ ಮಧ್ಯೆ ಬೈಕಲ್ಲಿ ಸಾಯೋನು ಯಾರ್ಲಾ, ನಾನಾ? ಅಸ್ರಾದ್ ದಿನದಿಂದ ನಿಂಗೇನಾಯ್ತದೋ ಅಂತ ಜೀವ ಕೈಲಿಡ್ಕಂಡಿವ್ನಿ. ಆಸ್ಪತ್ರೇಲಿ ಉಂಗ್ರ ಬಿಚ್ಚು ಅಂತಾರೆ. ಎಂಗ್ ಬಿಚ್ಲಿ ಏಳು?"

ಅವಳು ಉಂಗುರವನ್ನು ತಿರುಗಿಸಿ ತಿರುಗಿಸಿ ಬಿಚ್ಚಿದಳು. ತಡವಿ ನನ್ನ ಕೈ ಹುಡುಕಿ, ಅಂಗೈಗೆ ಹಾಕಿದಳು.

"ಅಂಗಾರೆ ನಿಂಗೇನೂ ಆಗಲ್ಲ. ಬುಡು, ನಾಳೀಕೇ ಕಣ್ ಕುಯ್ಸ್ಕತೀನಿ."