ಟಗರಿಗೆ ಅಕ್ಷತೆ

ಒಂದು ಟಗರನ್ನು ಬೀಳಿಸುವುದು ಮಹಾ ಕೆಲಸವೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಅದು ಓಡುವ ಟಗರಲ್ಲ, ಹಾಯುವ ಟಗರೂ ಅಲ್ಲ. ದಪ್ಪ ಉಕ್ಕಿನ ಹಲಗೆಯಲ್ಲಿ ಕತ್ತರಿಸಿ ತೆಗೆದ, ಐನೂರು ಮೀಟರ್ ಆಚೆ ಕಂಬಿಯ ಮೇಲೆ ಸುಮ್ಮನೆ ನಿಂತಿರುವ ಟಗರು. ನಿಂತುಕೊಂಡೇ ರೈಫಲ್ ಎತ್ತಿ ಹೊಡೆಯಬೇಕು. ಅದು ಬೀಳಬೇಕು. ಅಷ್ಟೇ!

ಮನೆಯಲ್ಲಿ ಜಿರಳೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟುಬರುವ ಸಂಪ್ರದಾಯದವನು ನಾನು. ಚಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ಮನೆ, ವಿಮಾ ಕಚೇರಿಯಲ್ಲಿ ಉದ್ಯೋಗ. ದಿನವಿಡೀ ಯಾರದೋ ಕಾರು ಯಾರದೋ ಕಾರಿಗೆ ಗುದ್ದಿದ್ದನ್ನು ಓದಿ ಓದಿ, ವಾರಕ್ಕೊಮ್ಮೆಯಾದರೂ ಯಾರೂ ಮಾತಾಡದ ಜಾಗದಲ್ಲಿ ನಿಂತು ಉಸಿರು ಬಿಡಬೇಕು ಅನ್ನಿಸುತ್ತಿತ್ತು. ಆ ಮೈದಾನ ಅಂಥ ಜಾಗ. ಚಿಕಾಗೋದಿಂದ ಡೆಟ್ರಾಯ್ಟ್ ಕಡೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ ಉದ್ದಕ್ಕೆ ಚಾಚಿದ ಹುಲ್ಲು. ಅದರಲ್ಲಿ ಹತ್ತಿರಕ್ಕೆ ಉಕ್ಕಿನ ಕೋಳಿಗಳು, ಅದರಾಚೆ ಹಂದಿಗಳು, ಅದರಾಚೆ ಟರ್ಕಿ ಕೋಳಿಗಳು, ಕಟ್ಟಕಡೆಗೆ ದಿಬ್ಬದ ಮೇಲೆ ಟಗರುಗಳು. ಎಲ್ಲವೂ ಕಪ್ಪು.

ಮೊದಲ ಸಲ ನನ್ನ ಗುಂಡು ಟಗರಿಗೆ ತಗುಲಿದ್ದು ನನಗೆ ಗೊತ್ತೇ ಆಗಲಿಲ್ಲ. ಗುಂಡು ಹೊಡೆದೆ. ಏನೂ ಇಲ್ಲ. ತಪ್ಪಿತು ಎಂದುಕೊಂಡು ರೈಫಲ್ ಇಳಿಸುವಷ್ಟರಲ್ಲಿ ದೂರದಿಂದ, ಯಾರೋ ಖಾಲಿ ದೇವಸ್ಥಾನದಲ್ಲಿ ಬಾರಿಸಿದ ಹಾಗೆ, 'ಟಣ್' ಎಂದಿತು. ಟಗರು ಮಾತ್ರ ನಿಂತೇ ಇತ್ತು! ಸ್ವಲ್ಪ ತಿರುಗಿತ್ತು. ಮೊದಲು ಅಡ್ಡಕ್ಕೆ ನಿಂತಿದ್ದದ್ದು ಈಗ ನನ್ನನ್ನು ನೋಡುತ್ತಿತ್ತು.

"ತಗುಲಿದರೆ ಲೆಕ್ಕವಿಲ್ಲ ಕ್ರಿಶ್, ಬಿದ್ದರೇ ಲೆಕ್ಕ" ಎಂದ ಹ್ಯಾಂಕ್. ಅವನು ಮೈದಾನದ ಮೇಲ್ವಿಚಾರಕ. ನಗುವುದನ್ನು ಯಾವಾಗಲೋ ನಿಲ್ಲಿಸಿಬಿಟ್ಟಿದ್ದ ಮುದುಕ. ಕೃಷ್ಣಮೂರ್ತಿಯನ್ನು ಕ್ರಿಶ್ ಮಾಡಿದವನೂ ಅವನೇ. "ನಿನ್ನ ತೋಟಾದಲ್ಲಿ ಮದ್ದು ಸಾಲದು."

ನಮ್ಮ ತೋಟಾಗಳನ್ನು ನಾವೇ ಬೇಸ್‌ಮೆಂಟಿನಲ್ಲಿ ತಯಾರಿಸಿಕೊಳ್ಳುತ್ತಿದ್ದೆವು. ನಾವು ಅಂದರೆ ನಾನು, ಮತ್ತು ಮೆಟ್ಟಿಲ ಮೇಲೆ ನಿಂತು ಬೈಯುವ ಶಾರದಾ. ಮದ್ದು ಹೆಚ್ಚಿಸಿದೆ. ಆಗ ಗುಂಡಿಗೆ ಟಗರನ್ನು ಕೆಡವುವ ಬಲವೇನೋ ಬಂತು. ಆದರೆ ಅಷ್ಟೇ ಬಲದಲ್ಲಿ ರೈಫಲ್ ಹಿಂದಕ್ಕೆ ಬಂದು ನನ್ನ ಭುಜವನ್ನೂ ಕೆಡವತೊಡಗಿತು. ಎರಡು ಒದೆ ತಿಂದ ಮೇಲೆ ನನ್ನ ದೇಹ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಗುಂಡು ಹೊರಡುವ ಮುಂಚೆಯೇ ಕಣ್ಣು ಮುಚ್ಚುತ್ತಿತ್ತು, ಭುಜ ಓಡಿಹೋಗುತ್ತಿತ್ತು. ಮದ್ದು ಕಡಿಮೆಯಾದರೆ ಟಗರು ಬೀಳದು, ಹೆಚ್ಚಾದರೆ ತಗುಲದು!

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಶಾರದಾ ನನ್ನ ಭುಜ ನೋಡಿ ಕಾಫಿ ಲೋಟವನ್ನು ಅಲ್ಲೇ ಇಟ್ಟಳು.

"ರೀ, ಕನ್ನಡೀಲಿ ನೋಡ್ಕೊಳ್ಳಿ. ಇದೇನಿದು?"

ನೋಡಿದೆ. ಕಂದುಗಟ್ಟಿದ ಗುರುತಿಗೆ ಎರಡು ಸುರುಳಿ ಕೊಂಬುಗಳಿದ್ದವು. ನಡುವೆ ಒಂದು ಮುಖ.

"ಗಾಯ ಕಣೇ. ಗಾಯ ಯಾವ ಆಕಾರದಲ್ಲಾದರೂ ಇರಬಹುದು" ಎಂದೆ. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

"ಆಕಾರ ಅಂತೆ! ಅದು ನನ್ನನ್ನ ನೋಡ್ತಿದೆ. ಶರ್ಟ್ ಹಾಕ್ಕೊಳ್ಳಿ ಮೊದ್ಲು."

ತಕ್ಷಣ ಉಪ್ಪು ಮೆಣಸಿನಕಾಯಿ ನೀವಾಳಿಸಿ ಸ್ಟೌವ್ ಮೇಲೆ ಸುಟ್ಟಳು. ಘಾಟು ಬರಲಿಲ್ಲ. ಮೆಣಸಿನಕಾಯಿ ಸುಟ್ಟೂ ಘಾಟು ಬರಲಿಲ್ಲವೆಂದರೆ ದೃಷ್ಟಿ ಎಷ್ಟು ಘೋರವಾಗಿರಬೇಕು ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಮನೆಯಲ್ಲಿದ್ದ ಅಷ್ಟೂ ಸ್ಮೋಕ್ ಅಲಾರಂಗಳು ಒಟ್ಟಿಗೆ ಕಿರುಚಿಕೊಂಡವು!

ಅಂದೇ ತೀರ್ಪು ಹೊರಬಿತ್ತು.

"ಸೀಸನ್ ಮುಗಿಯೋದ್ರೊಳಗೆ ಒಂದೇ ಒಂದು ಟಗರು ಬೀಳ್ಸಿ. ಇಲ್ಲಾಂದ್ರೆ ಆ ಗನ್ ಮಾರ್ಬಿಡಿ. ಏನನ್ನೂ ಬೀಳಿಸ್ದೆ ಒದೆ ತಿನ್ನೋಕೆ ಅಷ್ಟು ದೂರ ಯಾಕೆ ಡ್ರೈವ್ ಮಾಡ್ಬೇಕು?"

ಒಪ್ಪಿಕೊಂಡೆ. ಆದರೆ ರೈಫಲ್ ಹೋದರೆ ಆ ಮೌನವೂ ಹೋಗುತ್ತದೆ.

ಸೀಸನ್ನಿನ ಕೊನೆಯ ಪಂದ್ಯ ದೀಪಾವಳಿಯ ಹತ್ತಿರ ಬಂತು. ಅಂದು ಡೆಟ್ರಾಯ್ಟಿನ ಹತ್ತಿರ ಟ್ರಾಯ್‌ನಲ್ಲಿರುವ ನಾದಿನಿಯ ಮನೆಯಲ್ಲಿ ಊಟ. ದಾರಿಯಲ್ಲೇ ಮೈದಾನ. ಹಾಗಾಗಿ ಶಾರದಾ ಹೋಳಿಗೆ ಡಬ್ಬಿಯೊಂದಿಗೆ ಮೊದಲ ಬಾರಿಗೆ ಜೊತೆಗೆ ಬಂದಳು. ಅಷ್ಟೇ ಅಲ್ಲ, ನನ್ನ ಭುಜಕ್ಕೆ ಪರಿಹಾರವನ್ನೂ ತಂದಳು.

ಆ ಪರಿಹಾರದ ಹಿನ್ನೆಲೆಯನ್ನು ಹೇಳಬೇಕು. ನಮ್ಮ ಮನೆಯಲ್ಲಿ ವ್ರತ, ಪೂಜೆ, ಮದುವೆಗಳಿಂದ ಬಂದ ಅಕ್ಷತೆಯ ದೊಡ್ಡ ದಾಸ್ತಾನು ಇತ್ತು. ಊರಿನಲ್ಲಾದರೆ ಗಿಡದ ಬುಡಕ್ಕೆ ಹಾಕಬಹುದಿತ್ತು. ಲೊಂಬಾರ್ಡಿನಲ್ಲಿ ಹಾಕಿದಾಗ ಅಳಿಲು, ಇಲಿ ಎಲ್ಲ ಬಂದು, ಅವುಗಳ ಹಿಂದೆ ಬಡಾವಣೆ ಸಂಘದವರ ನೋಟೀಸೂ ಬಂತು. ಕಸದ ಡಬ್ಬಿಗೆ ಹಾಕಿದರೆ ಪಾಪ. ಹೀಗೆ ಐಸ್‌ಕ್ರೀಂ ಡಬ್ಬಿಗಳಲ್ಲಿ ತುಂಬಿ ಕೂತಿದ್ದ ಆ ಅಕ್ಷತೆಯನ್ನೆಲ್ಲ ಶಾರದಾ ಹಳೆಯ ರವಿಕೆ ಬಟ್ಟೆಯಲ್ಲಿ ಹೊಲಿದು ಪುಟ್ಟ ದಿಂಬು ಮಾಡಿ, ನನ್ನ ಸ್ವೆಟರಿನ ಭುಜದೊಳಗೆ ಕೂರಿಸಿದ್ದಳು.

"ಒದೆಗೂ ಆಯ್ತು, ದೃಷ್ಟಿಗೂ ಆಯ್ತು. ಅಷ್ಟು ದೇವ್ರುಗಳ ಆಶೀರ್ವಾದ ಒಟ್ಟಿಗಿದೆ ಅದ್ರಲ್ಲಿ" ಎಂದಳು.

ಮೈದಾನಕ್ಕೆ ತಲುಪಿದಾಗ ಮಂಜು. ನೆಲಕ್ಕೆ ಅಂಟಿಕೊಂಡ ಬಿಳಿ ಮಂಜಿನ ಮೇಲೆ ಟಗರುಗಳು ಕಾಲಿಲ್ಲದೆ ತೇಲುತ್ತಿದ್ದವು. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಮಾತಾಡಿದ ಮಾತು ಬಾಯಿಯ ಹತ್ತಿರವೇ ನಿಂತುಬಿಡುತ್ತಿತ್ತು. ಹೊಡೆಯುವವನ ಪಕ್ಕ ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತೆಂದು ಹೇಳುವವರೊಬ್ಬರು ಇರುವುದು ವಾಡಿಕೆ. ಆ ಸ್ಥಾನದಲ್ಲಿ ಶಾರದಾ ಕೂತಳು.

ಕೋಳಿ, ಹಂದಿ, ಟರ್ಕಿಗಳ ಸುತ್ತುಗಳಲ್ಲಿ ನನ್ನ ಸಾಧನೆಯ ವಿವರ ಇಲ್ಲಿ ಅಪ್ರಸ್ತುತ. ಟಗರಿನ ಸರದಿ ಬಂತು. ಜೋರು ಮದ್ದಿನ ತೋಟಾ ಹಾಕಿದೆ.

"ಮೇಲೆ ಹೋಯ್ತು ರೀ."

ಮತ್ತೊಂದು.

"ಪಕ್ಕಕ್ಕೆ. ಕಣ್ಣು ಮುಚ್ಬೇಡಿ!"

ಆಶ್ಚರ್ಯವೆಂದರೆ ಭುಜ ನೋಯುತ್ತಿರಲಿಲ್ಲ! ಒದೆಯನ್ನೆಲ್ಲ ಅಕ್ಷತೆ ಕುಡಿದುಬಿಡುತ್ತಿತ್ತು. ಕೊನೆಯ ತೋಟಾಕ್ಕೆ ಬರುವಷ್ಟರಲ್ಲಿ ನನ್ನ ದೇಹ ಭಯವನ್ನು ಮರೆತಿತ್ತು. ಕಣ್ಣು ತೆರೆದೇ ಇತ್ತು. ಹೊಡೆದೆ.

ಮೌನ. ಆಮೇಲೆ, ತಡವಾಗಿ, "ಟಣ್!"

"ತಗುಲ್ತು ರೀ! ಅಲ್ಲಾಡ್ತಿದೆ... ಹಿಂದಕ್ಕೆ ಜಾರ್ತು... ಅಯ್ಯೋ, ನಿಂತ್ಕೊಂಡ್ಬಿಡ್ತು." ಶಾರದಾ ದುರ್ಬೀನಿನಿಂದ ಮುಖ ಹಿಂದಕ್ಕೆಳೆದಳು. "ಇತ್ಲಾಗೇ ನೋಡ್ತಿದೆ."

ಟಗರಿನ ಸುತ್ತಿಗೆ ಕೊಟ್ಟ ಸಮಯ ಇನ್ನೂ ಮುಗಿದಿರಲಿಲ್ಲ. ಮುಗಿಯುವುದರೊಳಗೆ ಬಿದ್ದರೆ ಅದು ನನ್ನದೇ. ಬೀಳು, ಬೀಳು ಎಂದು ಜಪಿಸುತ್ತಿದ್ದೆ. ಆಗ ತೋಳಿನೊಳಗೆ ಏನೋ ಹರಿದಾಡಿತು. ತಣ್ಣಗೆ, ಮೊಣಕೈ ದಾಟಿ ಕೆಳಕ್ಕೆ. ಕಿರುಚಬೇಕೆಂದು ಬಾಯಿ ತೆರೆದೆ. ಸ್ವೆಟರಿನ ತೋಳಿನ ತುದಿಯಿಂದ ಹಳದಿ ಅಕ್ಕಿ ಧಾರಾಕಾರವಾಗಿ ಸುರಿಯಿತು! ಹೊಲಿಗೆ ಬಿಟ್ಟಿತ್ತು. ಗಾಬರಿಯಲ್ಲಿ ಕೈ ಒದರಿದೆ. ಅಷ್ಟು ಮದುವೆಗಳ ಅಕ್ಷತೆ ಮುಂದಿನ ಹುಲ್ಲಿನ ಮೇಲೆ ಹರಡಿತು.

ಪಕ್ಕದ ಶೂಟರ್‌ಗಳು ರೈಫಲ್ ಇಳಿಸಿ ನನ್ನನ್ನೇ ನೋಡಿದರು. ಮನುಷ್ಯನ ಒಳಗಿಂದ ಅಕ್ಕಿ ಬರುವುದನ್ನು ಅವರು ಹಿಂದೆ ಕಂಡಿರಲಿಲ್ಲ.

ಆ ನಿಶ್ಶಬ್ದದಲ್ಲಿ ಮಂಜಿನೊಳಗಿಂದ ಟರ್ಕಿಗಳು ಹೊರಬಂದವು. ಕಪ್ಪಗೆ, ಸಾಲಾಗಿ, ಸದ್ದಿಲ್ಲದೆ. ಉಕ್ಕಿನ ಟರ್ಕಿಗಳೇ ಕಂಬಿಯಿಂದ ಇಳಿದು ನಡೆದು ಬರುತ್ತಿವೆ ಎಂದೇ ಭಾವಿಸಿ ನಾನು ಶಾರದಾಳ ಕಡೆ ಸರಿದೆ. ಶಾರದಾ ನನ್ನ ಬೆಲ್ಟ್ ಹಿಡಿದುಕೊಂಡಳು. ಕಾಡಿನ ನಿಜವಾದ ಟರ್ಕಿಗಳು! ಬಂದವೇ ನಮ್ಮ ಮುಂದೆ ತಲೆ ಬಗ್ಗಿಸಿ ಅಕ್ಷತೆ ಹೆಕ್ಕತೊಡಗಿದವು.

"ಸೀಸ್ ಫೈರ್!" ಹ್ಯಾಂಕ್ ಕೂಗಿದ. ಎಲ್ಲರೂ ರೈಫಲ್ ಖಾಲಿ ಮಾಡಿ, ಕೆಳಗಿಟ್ಟು ಹಿಂದೆ ಸರಿದರು. ಪಂದ್ಯದ ಗಡಿಯಾರವನ್ನು ಹ್ಯಾಂಕ್ ನಿಲ್ಲಿಸಿದ.

ಯಾರ ಕೈಯಲ್ಲೂ ಏನೂ ಇಲ್ಲ. ಗಾಳಿಯಿಲ್ಲ. ಟರ್ಕಿಗಳು ತಿನ್ನುವುದನ್ನು ನಿಲ್ಲಿಸಿ, ಒಟ್ಟಿಗೆ ತಲೆಯೆತ್ತಿ, ದಿಬ್ಬದ ಕಡೆಗೆ ತಿರುಗಿದವು.

ಟಗರು ನಿಧಾನವಾಗಿ ಹಿಂದಕ್ಕೆ ವಾಲಿ ಮಂಜಿನಲ್ಲಿ ಮುಳುಗಿತು. ಬಿದ್ದ ಸದ್ದು ಆಮೇಲೆ ಬಂತು.



"ಹ್ಯಾಂಕ್," ಎಂದೆ, "ನನ್ನ ಗುಂಡೇ ಅದನ್ನು ಕಂಬಿಯ ತುದಿಗೆ ತಳ್ಳಿದ್ದು. ನನ್ನದೇ ಅಲ್ಲವೇ?"

"ನಿಲ್ಲಿಸಿದ ಸಮಯದಲ್ಲಿ ಬಿದ್ದದ್ದು ಯಾರದೂ ಅಲ್ಲ" ಎಂದ ಹ್ಯಾಂಕ್, ನನ್ನನ್ನು ನೋಡದೆ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬರೆದ. ಆ ಸೊನ್ನೆ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಫೋನಿನಲ್ಲಿ ಕ್ಯಾಮೆರಾ ಇಲ್ಲದ ಕಾಲ. ಸಾಕ್ಷಿ ಹೇಳಬಲ್ಲವು ಟರ್ಕಿಗಳು ಮಾತ್ರ, ಅವೂ ಹೊರಟುಹೋಗಿದ್ದವು.

ಹೈವೇಗೆ ಬಂದ ಮೇಲೂ ಶಾರದಾ ಹೋಳಿಗೆ ಡಬ್ಬಿ ಅಪ್ಪಿಕೊಂಡು ಆಗಾಗ ಹಿಂದಿನ ಸೀಟು ನೋಡುತ್ತಿದ್ದಳು. ಅಲ್ಲಿ ರೈಫಲ್ ಪೆಟ್ಟಿಗೆಯ ಹೊರತು ಬೇರೇನೂ ಇರಲಿಲ್ಲ. ಇರಲಿಲ್ಲ ಎಂದುಕೊಂಡಿದ್ದೇನೆ. ನಾನು ತಿರುಗಿ ನೋಡಲಿಲ್ಲ.

"ವಾಪಸ್ ಹೋದ ಕೂಡಲೇ ಮಾರಿಬಿಡುತ್ತೇನೆ, ಮಾತಂದರೆ ಮಾತು" ಎಂದೆ, ಧ್ವನಿಯಲ್ಲಿ ಆದಷ್ಟು ದುಃಖ ತುಂಬಿ.

"ಬೇಡ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಹಾಗಾದರೆ ನನ್ನ ಗುರಿಯ ಮೇಲೆ ನಂಬಿಕೆ ಬಂತಾ?"

"ಗುರೀನೂ ಇಲ್ಲ, ಏನೂ ಇಲ್ಲ. ಸುಮ್ನೆ ಯೋಚ್ನೆ ಮಾಡಿ ರೀ. ಆ ಗನ್ ಬೇರೆ ಯಾರ ಮನೆಗೆ ಹೋದ್ರೂ ಏನಾದ್ರೊಂದು ಬೀಳುತ್ತೆ. ನಿಮ್ ಕೈಲಿದ್ರೆ ಯಾವತ್ತೂ ಏನೂ ಬೀಳಲ್ಲ. ಎಲ್ರಿಗೂ ಅದೇ ಸೇಫ್."

ಹೀಗಾಗಿ ಆ ರೈಫಲ್, ಲೋಕಕಲ್ಯಾಣಾರ್ಥವಾಗಿ, ಇಂದಿಗೂ ನನ್ನ ಬಳಿಯೇ ಇದೆ!